ಬೋರಲು ಮಲಗಿದ ಹೆಸರು

ನನ್ನಿಂದ ಡಿಗ್ರಿ ಮುಗಿಯುವುದಿಲ್ಲ ಎಂದು ಹೇಳಿದವರು ಬಹಳ ಮಂದಿ. ಸೋದರಮಾವ ಹೇಳಿದ್ದ. ಓಣಿಯ ಮುದುಕಿಯರು ಹೇಳಿದ್ದರು. ಆದರೆ ಎಲ್ಲರಿಗಿಂತ ಗಟ್ಟಿಯಾಗಿ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದವರು, ಆಮೇಲೆ ನನ್ನ ಮೂರೂ ವರ್ಷದ ಫೀಸು ಕಟ್ಟಿದ ಸಾವಕಾರರೇ.

“ಆಗೂದಿಲ್ಲ ಬಿಡು ಮಾಳಪ್ಪ,” ಅಂದಿದ್ದರು ಅಪ್ಪನಿಗೆ. “ಹೆಣ್ಣ ಹುಡುಗಿ. ಎರಡನೇ ವರ್ಷ ಮುಗಿಯೂದರಾಗ ಯಾವನರೆ ವರ ಬರ್ತಾನ, ನೀ ಹೂಂ ಅಂತಿ. ನಾ ಕಟ್ಟಿದ್ದು ಹೊಳ್ಯಾಗ ಹುಣಸಿಹಣ್ಣು ಕಿವುಚಿದಂಗ.”

ಇಳಕಲ್ಲಿನ ಅವರ ಗ್ರಾನೈಟ್ ಕಾರ್ಖಾನೆಯ ಅಂಗಳದಲ್ಲಿ ನಿಂತಿದ್ದೆವು. ಪಿಯುಸಿಯ ಅಂಕಪಟ್ಟಿ ನನ್ನ ಕೈಯಲ್ಲೇ ಉಳಿದಿತ್ತು. ಅವರು ಅದನ್ನು ನೋಡಲೂ ಕೇಳಲಿಲ್ಲ. ಪಾಲಿಶ್ ಮಾಡಿ ಒರಗಿಸಿದ್ದ ಒಂದು ಹಾಸುಗಲ್ಲನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದರು. ಒಳಗೆ ಸೀಳಿದ್ದರೆ ಕಲ್ಲಿನ ದನಿ ಒಡೆದಿರುತ್ತದಂತೆ. ಮನುಷ್ಯರ ಜೊತೆ ಮಾತಾಡುವಾಗಲೂ ಅವರು ಹಾಗೆಯೇ. ಒಂದು ಮಾತು ತಟ್ಟಿ, ತಲೆ ಓರೆ ಮಾಡಿ, ಎದುರಿನವರಿಂದ ಏನು ದನಿ ಬರುತ್ತದೆಂದು ಕಾಯುತ್ತಿದ್ದರು.

ನಾನು ಅಂದೆ, “ವರ ಬಂದರ ಕಾಯ್ತಾನ್ರಿ. ಡಿಗ್ರಿ ಕಾಯೂದಿಲ್ಲ.”

ಅಪ್ಪ ನನ್ನ ಕಾಲು ತುಳಿದ. ಸಾವಕಾರರು ಮಾತ್ರ ತಲೆ ಓರೆ ಮಾಡಿ ನನ್ನನ್ನು ನೋಡಿದರು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಅದು ಬೇಕಾದಷ್ಟು ಕಡೆ ಬರೆದಿದೆ. ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲಿದೆ, ಸಾಲೆಯ ನೀರಿನ ಟಾಕಿಯ ಮೇಲಿದೆ, ಸುಡುಗಾಡಿನ ಗೇಟಿನ ಮೇಲಿದೆ. ಗುಡಿಯ ಫ್ಯಾನಿನ ರೆಕ್ಕೆಗಳ ಮೇಲೂ ಇದೆ. ಫ್ಯಾನು ತಿರುಗುವಾಗ ಓದಲು ಬರುವುದಿಲ್ಲ. ಕರೆಂಟು ಹೋಗಿ ಭಜನೆಯವರೆಲ್ಲ ಬೆವರು ಒರೆಸಿಕೊಳ್ಳಲು ಶುರು ಮಾಡಿದರೆ ಯಾರಾದರೊಬ್ಬರು ಮೇಲೆ ನೋಡಿ, “ಬಂದ್ರು ನೋಡ್ರಿ ಸಾವಕಾರ್ರು,” ಅನ್ನುವುದು ನಮ್ಮೂರಿನ ಹಳೆಯ ಚೇಷ್ಟೆ.

ಕಲ್ಲಿನ ಮೇಲಿನ ಹೆಸರುಗಳಲ್ಲಿ ಬಹುಪಾಲು ಕೆತ್ತಿದವನು ನನ್ನ ಅಪ್ಪ. ನಾವು ಬೀರಪ್ಪನ ಒಕ್ಕಲು, ಹುನಗುಂದದ ಕಡೆಯವರು. ಅಜ್ಜನ ಕಾಲಕ್ಕೆ ಕುರಿ ಇದ್ದವು. ಅಪ್ಪ ಕುರಿ ಬಿಟ್ಟು ಇಳಕಲ್ಲಿಗೆ ಬಂದು, ಉಳಿ ಸುತ್ತಿಗೆ ಹಿಡಿದು ಅಕ್ಷರ ಕೆತ್ತುವುದನ್ನು ಕಲಿತ. ಸಾಲೆಯಲ್ಲಿ ಅವನು ಕಲಿತದ್ದು ನಾಲ್ಕನೇತ್ತೆಯ ತನಕ. ಕಲ್ಲಿನ ಮೇಲೆ ಕೆತ್ತಿದ್ದು ಊರ ತುಂಬ.

ಸಾವಕಾರರಷ್ಟು ಜಿಪುಣರನ್ನು ನಾನು ಆಮೇಲೆ ಕಂಡಿಲ್ಲ. ಪೊಟ್ಟಣ ಕಟ್ಟಿ ಬಂದ ದಾರವನ್ನು ಬಿಚ್ಚಿ, ಬೆರಳಿಗೆ ಸುತ್ತಿ, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರ ಚಪ್ಪಲಿಯಲ್ಲಿ ತೊಗಲಿಗಿಂತ ಹೊಲಿಗೆ ಜಾಸ್ತಿ ಇತ್ತು. ಚಹಾ ತರಿಸಿದರೆ ಅರ್ಧ ಬಶಿ ತಮಗೆ, ಅರ್ಧ ಎದುರಿನವರಿಗೆ. ಅಕ್ಷರಕ್ಕೆ ಇಷ್ಟು ಎಂದು ಅಪ್ಪ ಮಜೂರಿ ಹೇಳಿದಾಗ, ತಮ್ಮ ಹೆಸರಿನ ಮೊದಲಿನ ‘ಶ್ರೀ’ ತೆಗೆಸಿಬಿಟ್ಟಿದ್ದರು. ಇಡೀ ಸಾಲೆಗೆ ನೀರಿನ ಟಾಕಿ ಕಟ್ಟಿಸಿಕೊಟ್ಟ ಮನುಷ್ಯ ಒಂದು ಅಕ್ಷರದ ಕೂಲಿ ಉಳಿಸಿಕೊಂಡು, “ಶ್ರೀ ಇಲ್ಲದಿದ್ದರ ನಾ ಸಣ್ಣಾವ ಆಗ್ತೇನೇನಲೇ?” ಎಂದು ನಕ್ಕಿದ್ದರಂತೆ.

ಶನಿವಾರಕ್ಕೊಮ್ಮೆ ತುಳಸಿಗೇರಿಯ ಹಣಮಪ್ಪನಿಗೆ ಹೋಗುತ್ತಿದ್ದರು. ಜೊತೆಗೆ ಹೋದವರು ಬಂದು ಹೇಳುತ್ತಿದ್ದರು: ಸಾವಕಾರರು ಅಡ್ಡಬೀಳುತ್ತಾರೆ, ಪ್ರದಕ್ಷಿಣೆ ಹಾಕುತ್ತಾರೆ, ಹುಂಡಿಯ ಮುಂದೆ ಬಂದಾಗ ಮಾತ್ರ ಜೇಬಿಗೆ ಹೋದ ಕೈ ಬರಿದೇ ಹೊರಗೆ ಬರುತ್ತದೆ. ಅವ್ವ ಇದನ್ನು ಕೇಳಿ, “ಹುಂಡಿ ಮ್ಯಾಲ ಹೆಸರು ಬರಿಯೂದಿಲ್ಲಲ್ಲ, ಅದಕ್ಕ,” ಅಂದಿದ್ದಳು.

ಅವ್ವನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಧೂಳು ಗಿರಣಿಯ ಹಿಟ್ಟಿನ ಹಾಗೆ ಎಲ್ಲದರ ಮೇಲೂ ಕೂರುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಏನಾದರೂ ಒಳ್ಳೆಯದು ಕೊಡಿಸಿ ಎಂದು ಆಳುಗಳು ಕೇಳಿದಾಗ, “ನಿಮ್ಮ ಟವೆಲ್ ಏನು ಮಾಡೈತಿ? ಹಸಿ ಮಾಡಿ ಕಟಗೋರಿ,” ಅಂದಿದ್ದರು. ಅಪ್ಪ ಹಸಿ ಟವೆಲ್ ಕಟ್ಟಿಕೊಂಡೇ ಕೆಲಸ ಮಾಡಿದ. ನಾನು ಹತ್ತನೇತ್ತೆ ಓದುವಾಗ ಒಂದು ದಿನ ಕೆಮ್ಮಿ ಕೆಮ್ಮಿ ಅಲ್ಲೇ ಕುಸಿದ. ಸರ್ಕಾರಿ ದವಾಖಾನೆಗೆ ಒಯ್ದಾಗ ಅವನನ್ನು ಒಂದು ಸ್ಟ್ರೆಚರಿನ ಮೇಲೆ ಮಲಗಿಸಿದರು. ಅದರ ಕಬ್ಬಿಣದ ಪಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ಸಾವಕಾರರ ಹೆಸರಿತ್ತು. ಅಪ್ಪನ ಕಾಲು ಸರಿಪಡಿಸುವಾಗ ನಾನು ಓದಿದೆ. ಅವ್ವನಿಗೆ ಓದಲು ಬರುವುದಿಲ್ಲ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಅವಂದ ಹೌದಿಲ್ಲೋ?” ಅಂದಳು. “ಧೂಳು ಕುಡಿಸಿದಾವನೂ ಅವನ, ಮಲಗಾಕ ಮಂಚ ಕೊಟ್ಟಾವನೂ ಅವನ. ಇದು ದಾನ ಅಲ್ಲ, ದಂಡ.”

ಅಪ್ಪ ಬದುಕಿದ. ಆದರೆ ಎದೆ ಮೊದಲಿನ ಹಾಗಾಗಲಿಲ್ಲ. ಅಷ್ಟರಲ್ಲಿ ಅಕ್ಷರ ಕತ್ತರಿಸುವ ಯಂತ್ರವೂ ಬಂದಿತ್ತು. ಕಂಪ್ಯೂಟರಿನಲ್ಲಿ ಹೆಸರು ಹೊಡೆದು, ಸ್ಟಿಕ್ಕರ್ ಅಂಟಿಸಿ, ಮರಳು ಊದಿದರೆ ಮುಗಿಯಿತು. ಸಾವಕಾರರು ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಗೇಟು ಕಾಯಲು ಕೂರಿಸಿದರು. ಪಗಾರ ಅರ್ಧವಾಯಿತು. ಇದು ದಯೆಯೋ ಲೆಕ್ಕಾಚಾರವೋ ನನಗೆ ಇವತ್ತಿಗೂ ತಿಳಿದಿಲ್ಲ. ಅಪ್ಪ ದಯೆ ಅನ್ನುತ್ತಿದ್ದ.

ಅಪ್ಪನ ನ್ಯಾಯವೇ ಬೇರೆ. “ಟಾಕಿ ನೀರು ಕುಡಿಯೋ ಹುಡುಗುರು ಮೊದಲ ಹೆಸರು ಓದಿ ಆಮ್ಯಾಲ ಕುಡೀತಾವೇನು? ನೀರಡಿಕಿ ಆರ್ತೈತೋ ಇಲ್ಲೋ, ಅಷ್ಟ ನೋಡು,” ಅನ್ನುವನು.

ಅವ್ವ ಬಿಡುತ್ತಿರಲಿಲ್ಲ. “ಆ ಸಾಲಿ ಬಾವಿ ಯಾಕ ಬತ್ತಿತು? ಅವನ ಕ್ವಾರಿ ಗುಂಡಿಗೆ ನೀರು ಇಳೀತು. ಅದಕ್ಕ ಟಾಕಿ ಬಂತು.”

ಇಬ್ಬರೂ ಹೇಳುವುದು ಖರೆಯೇ ಆಗಿತ್ತು. ಹೀಗಾಗಿ ಜಗಳ ಎಂದೂ ಮುಗಿಯುತ್ತಿರಲಿಲ್ಲ.

ಮತ್ತೆ ಆ ಅಂಗಳಕ್ಕೆ ಬರುತ್ತೇನೆ. ಡಿಗ್ರಿ ಕಾಯುವುದಿಲ್ಲ ಎಂದು ನಾನು ಅಂದ ಮೇಲೆ ಸಾವಕಾರರು ಕೈಯ ಧೂಳು ಝಾಡಿಸಿಕೊಂಡರು.

“ಎಲ್ಲಿ ಕಲೀತಿ?”

“ಬಾಗಲಕೋಟಿ ಒಳಗ್ರಿ. ಬಿ.ಎಸ್ಸಿ.”

“ಕಲಿ. ನಾ ಕಟ್ಟತೇನಿ. ಆದರ ನನ್ನ ಪದ್ಧತಿ ಗೊತ್ತೈತಿಲ್ಲೋ ಮಾಳಪ್ಪ? ಮೊದಲ ಕಲ್ಲು, ಆಮ್ಯಾಲ ಕೆಲಸ.”

ಇದು ಊರಿಗೆಲ್ಲ ಗೊತ್ತಿದ್ದ ಅವರ ಪದ್ಧತಿ. ಬೇರೆಯವರು ಕಟ್ಟಡ ಮುಗಿಸಿ ಹೆಸರಿನ ಕಲ್ಲು ಕೂರಿಸುತ್ತಾರೆ. ಇವರು ಬಯಲಿನಲ್ಲಿ ಮೊದಲು ಹೆಸರಿನ ಕಲ್ಲು ನೆಡಿಸುತ್ತಿದ್ದರು. ಅದರ ಹಿಂದೆ ಕಟ್ಟಡ ಏಳುತ್ತಿತ್ತು. ಕೆಲವು ಕಡೆ ಆರು ತಿಂಗಳು ಬರೀ ಕಲ್ಲೇ ನಿಂತಿರುತ್ತಿತ್ತು. ದನ ಮೈ ತಿಕ್ಕಿಕೊಳ್ಳುತ್ತಿದ್ದವು. ಕಟ್ಟಡ ಏಳದೆ ಉಳಿದ ಕಲ್ಲು ಮಾತ್ರ ಒಂದೂ ಇರಲಿಲ್ಲ. ಹೆಸರಿನ ಆಸೆ ಎಷ್ಟೆಂದರೆ ಕೆಲಸ ಮುಗಿಯುವ ತನಕವೂ ತಡೆಯಲಾರರು ಎಂದು ಜನ ಆಡಿಕೊಳ್ಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

“ಇದಕ್ಕ ಕಲ್ಲು ಎಲ್ಲಿ ಹಚ್ಚೂದ್ರಿ?” ಅಪ್ಪ ನನ್ನ ಕಡೆ ನೋಡಿ ಕೇಳಿದ.

“ಹುಡುಗಿ ಹಣಿಗೆ ಹಚ್ಚಾಕ ಬರತೈತೇನಲೇ? ನಿಮ್ಮ ಮನಿ ಗ್ವಾಡಿಗೆ ಹಚ್ಚು. ಬಾಗಲ ಪಕ್ಕಕ್ಕ. ನೀನ ಕೆತ್ತು, ಯಂತ್ರ ಬ್ಯಾಡ.”

“ಮಜೂರಿ…”

“ನಿನ್ನ ಮಗಳ ಕಲ್ಲಿಗೆ ನನಗ ಮಜೂರಿ ಕೇಳ್ತೀಯಾ?” ಅಂದರು. ನಗಲಿಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ಒಲೆ ತಡವಾಗಿ ಹೊತ್ತಿತು. ಅವ್ವ ರೊಟ್ಟಿಯ ಹಿಟ್ಟು ಕಲಸುವುದನ್ನು ಬಿಟ್ಟು ಎದ್ದು ನಿಂತಳು. “ನನ್ನ ಮನಿ ಗ್ವಾಡಿ ಮ್ಯಾಲ ಅವನ ಹೆಸರು? ಹೋಗ್ತಾ ಬರ್ತಾ ಮಂದಿ ಓದಬೇಕು, ಈ ಮನಿ ಹುಡುಗಿ ಇಂಥಾವನ ಭಿಕ್ಷಾದಾಗ ಕಲತಾಳ ಅಂತ? ಬ್ಯಾಡ. ಕಲಿಯೂದ ಬ್ಯಾಡ.”

“ಅವ್ವಾ, ಕಲ್ಲು ಇದ್ದರ ಇರಲಿಬೇ,” ಅಂದೆ.

“ನೀ ಸುಮ್ಮನಿರು. ನಿನಗ ಕಾಲೇಜು ಕಂಡೈತಿ, ನನಗ ಆ ಸ್ಟ್ರೆಚರ್ ಕಂಡೈತಿ.”

ಅರ್ಜಿ ಹಾಕಲು ಕೆಲವೇ ದಿನ ಉಳಿದಿದ್ದವು. ಬೇರೆ ದಾರಿ ಇರಲಿಲ್ಲ. ಗೇಟಿನ ಪಗಾರದಲ್ಲಿ ಅಪ್ಪನ ಔಷಧ, ಮನೆಯ ಜೋಳ, ಅಷ್ಟಕ್ಕೇ ಅಷ್ಟು.

ಆಗ ಮಾತಾಡಿದವಳು ಆಯಿ, ಅಪ್ಪನ ತಾಯಿ. ಆಕೆ ಮೂಲೆಯಲ್ಲಿ ಕಂಬಳಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಕುಟ್ಟುವುದನ್ನು ನಿಲ್ಲಿಸದೆ ಕೇಳಿದಳು, “ಬೀರಪ್ಪಗ ಬಿಟ್ಟ ಮರಿ ಕಿವಿ ಯಾಕ ಹರೀತಿದ್ದೆವು, ಹೇಳು ನೋಡೂಣು ಸೊಸಿ.”

“ದೇವರ ಮರಿ ಅಂತ ಗುರ್ತಿಗೆ,” ಅಂದಳು ಅವ್ವ.

“ದೇವರಿಗೆ ಗುರ್ತು ಬೇಕೇನ? ಗುರ್ತು ನಮಗ. ಹುಟ್ಟಿದ ಮರಿ ಬೀರಪ್ಪಗ ಅಂತ ಬಾಯಿಲೆ ಅಂದರ ಸಾಲೂದಿಲ್ಲ. ವರ್ಷ ತುಂಬಿ ಮೈಕೈ ತುಂಬಕೊಂಡು ನಿಂತಾಗ ನಿನ್ನ ಮಾವನ ಕಣ್ಣು ಅಮೀನಗಡದ ಸಂತಿ ಕಡಿಗೆ ಹೋಗತಿತ್ತು. ಅದಕ್ಕ ಹುಟ್ಟಿದ ವಾರದಾಗ ಕಿವಿ ಹರದು ಭಂಡಾರದ ಅರಿಷಿಣ ಹಚ್ಚೂದು. ಕಿವಿ ಹರದ ಮರಿ ಸಂತ್ಯಾಗ ಯಾರೂ ಕೊಳ್ಳೂದಿಲ್ಲ. ಬಿಟ್ಟಾವನೂ ಹಿಂದಕ್ಕ ತಗೊಳ್ಳಾಕ ಬರೂದಿಲ್ಲ.” ಆಯಿ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡಳು. “ಆ ಸಾವಕಾರ ಜಿಪುಣ ಅದಾನಂತ ಊರ ಹೇಳತೈತಿ. ಜಿಪುಣ ತಾನಾಗಿ ಕಿವಿ ಹರಕೊಳ್ಳಾಕ ಬಂದಾನ. ಹರೀರಿ.”

ಅವ್ವ ಪೂರ್ತಿ ಒಪ್ಪಲಿಲ್ಲ. ಆದರೆ ಒಂದು ಕರಾರು ಹಾಕಿದಳು. ಕಲ್ಲು ಮನೆಯೊಳಗೆ ಬರಲಿ. ಡಿಗ್ರಿಯ ಕಾಗದ ಕೈಗೆ ಬಂದ ದಿನ ಗೋಡೆಗೆ ಹಚ್ಚೋಣ, ಅದಕ್ಕಿಂತ ಮೊದಲು ಇಲ್ಲ. ಅಪ್ಪ ಹೋಗಿ ಹೇಳಿದ. ಸಾವಕಾರರು ತಲೆ ಓರೆ ಮಾಡಿ ಕೇಳಿ, “ಮನ್ಯಾಗ ಇರಬೇಕು. ಒಡೀಬಾರದು, ಮಾರಬಾರದು. ಅಷ್ಟ,” ಅಂದರಂತೆ.

ಅಪ್ಪ ಆ ಕಲ್ಲನ್ನು ಹಿತ್ತಲಲ್ಲಿ ಕೂತು ಕೆತ್ತಿದ. ಇಳಕಲ್ಲಿನ ಕೆಂಪು ಕಲ್ಲು, ಎರಡು ಮೊಳ ಅಗಲ. ಒಂದು ಅಕ್ಷರ ಮುಗಿಸಿ ಕೆಮ್ಮುತ್ತಿದ್ದ, ನೀರು ಕುಡಿದು ಮತ್ತೊಂದು ಶುರು ಮಾಡುತ್ತಿದ್ದ. ‘ಈ ಮನೆಯ ಮಗಳ ವಿದ್ಯಾಭ್ಯಾಸಕ್ಕೆ ದಾನಿಗಳು’ ಎಂದು ಒಂದು ಸಾಲು, ಕೆಳಗೆ ಅವರ ಹೆಸರು. ಈ ಸಲ ಹೆಸರಿನ ಮೊದಲು ‘ಶ್ರೀ’ ಇತ್ತು. ಮಜೂರಿ ಇಲ್ಲದ ಕೆಲಸಕ್ಕೆ ಒಂದು ಅಕ್ಷರ ಜಾಸ್ತಿ ಯಾಕಪ್ಪ ಎಂದು ಕೇಳಿದರೆ, “ಅದು ನಂದು,” ಅಂದ.

ಕಲ್ಲು ಮುಗಿದ ಮರುದಿನವೇ ಅವ್ವ ಅದನ್ನು ಬಚ್ಚಲಿನ ಹೊರಗೆ ಬೋರಲು ಹಾಕಿದಳು. ಪಾಲಿಶ್ ಆದ ಮುಖ ಕೆಳಗೆ, ಒರಟು ಬೆನ್ನು ಮೇಲೆ. ಅರಬಿ ಒಗೆಯಲು ಒರಟು ಬೆನ್ನೇ ಬೇಕು. ಅದಕ್ಕಿಂತ ಒಳ್ಳೆಯ ಒಗೆಯುವ ಕಲ್ಲು ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅಪ್ಪ ಬಂದು ನೋಡಿದ. “ಮನ್ಯಾಗ ಐತಿಲ್ಲ? ಒಡದಿಲ್ಲ, ಮಾರಿಲ್ಲ,” ಅಂದಳು ಅವ್ವ. ಅಪ್ಪನ ಅಂಗಿಯ ಧೂಳನ್ನು ಅದೇ ಕಲ್ಲಿನ ಮೇಲೆ ಬಡಿದು ಬಡಿದು ತೆಗೆಯುತ್ತಿದ್ದಳು. ಅದು ಒಗೆಯುವ ಸಪ್ಪಳದ ಹಾಗೆ ಕೇಳುತ್ತಿರಲಿಲ್ಲ.

ನಾನು ಬಾಗಲಕೋಟೆಗೆ ಹೋದೆ. ಹಾಸ್ಟೆಲಿನ ಅನ್ನ, ಪ್ರಯೋಗಾಲಯದ ಆಸಿಡ್ಡಿನ ವಾಸನೆ, ಇಂಗ್ಲಿಷಿನ ಪಾಠ ಕೇಳಿ ಬರುತ್ತಿದ್ದ ತಲೆಶೂಲೆ ಎಲ್ಲವೂ ಸಿಕ್ಕವು. ಮೊದಲ ಸೆಮಿಸ್ಟರಿನಲ್ಲಿ ಗಣಿತ ಹೋಯಿತು. ಮತ್ತೆ ಬರೆದು ಪಾಸಾದೆ. ಬಸ್ಸಿನಲ್ಲಿ ಓದಿದೆ, ಹಬ್ಬದಲ್ಲಿ ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ವಂಶದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಹತ್ತಿದ್ದು ನನ್ನ ಕಾಲೇ.

ಫೀಸಿನ ಹೊತ್ತು ಬಂದಾಗ ಸಾವಕಾರರು ತಾವೇ ನಮ್ಮ ಓಣಿಗೆ ಬರುತ್ತಿದ್ದರು. ಕಾರು ಇತ್ತು; ಆದರೆ ಓಣಿಯ ಮೂಲೆಯಲ್ಲೇ ಇಳಿದು, ಟೈರು ಸವೆಯಬಾರದೆಂದೋ ಏನೋ, ನಡೆದು ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, “ಕಲ್ಲು ಐತೇನವ್ವಾ?” ಎಂದು ಕೂಗುವುದು. “ಐತ್ರಿ,” ಎಂದು ಆಯಿ ಒಳಗಿನಿಂದ ಅನ್ನುವುದು. ಅಷ್ಟೇ. ಮರುದಿನ ಕಾಲೇಜಿಗೆ ಫೀಸು ಸೇರಿರುತ್ತಿತ್ತು. ಹೇಗೆ ಓದುತ್ತಿದ್ದೀ ಎಂದು ಒಮ್ಮೆಯೂ ಕೇಳಲಿಲ್ಲ. ಇವರಿಗೆ ನಾನು ಬೇಕಿಲ್ಲ, ಕಲ್ಲು ಬೇಕು ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಕೊನೆಯ ವರ್ಷ ಗ್ರಾನೈಟಿನ ವ್ಯಾಪಾರ ಬಿದ್ದಿತು. ಹೊರದೇಶದ ಆರ್ಡರು ನಿಂತು, ಕಾರ್ಖಾನೆಯ ಎರಡು ದೊಡ್ಡ ಯಂತ್ರಗಳು ಬಂದಾದವು. ಫೀಸು ಕಟ್ಟುವ ದಿನ ದಾಟಿತು. ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದ ಮೇಲೆ ನಾನು ಮನೆಗೆ ಬಂದು ಕೂತೆ. ಸಾವಕಾರರನ್ನು ಹೋಗಿ ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಗೇಟು ತೆಗೆಯುತ್ತಿದ್ದ, ಅವರ ಕಾರು ಒಳಗೆ ಹೋಗುತ್ತಿತ್ತು, ಗೇಟು ಹಾಕುತ್ತಿದ್ದ.

ಒಂದು ಮಧ್ಯಾಹ್ನ ಅವರು ಬಂದರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು, ಪಡಸಾಲೆ ದಾಟಿ, ನೇರ ಹಿತ್ತಲಿಗೆ ನಡೆದರು. ಅವ್ವ ಅರಬಿ ಒಗೆಯುತ್ತಿದ್ದಳು. ನಾನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದೆ.

“ಕಲ್ಲು ಎಲ್ಲಿ?” ಅಂದರು.

ಅವ್ವನ ಕೈ ಮೇಲೆಯೇ ನಿಂತಿತು. ಕೈಯಲ್ಲಿದ್ದ ಅಪ್ಪನ ಅಂಗಿಯಿಂದ ನೀರು ಸುರಿಯುತ್ತಿತ್ತು. ಸಾವಕಾರರ ಕಣ್ಣು ಗೋಡೆಯ ಗುಂಟ ಹೋಯಿತು, ಮೂಲೆಗೆ ಹೋಯಿತು, ಕಟ್ಟಿಗೆಯ ಒಟ್ಟಿಲಿಗೆ ಹೋಯಿತು. ಎಲ್ಲೂ ಇಲ್ಲ. ಅವರ ಮುಖದಲ್ಲಿ ಸಿಟ್ಟು ಬರುತ್ತದೆಂದು ನಾನು ಕಾದೆ. ಬಂದದ್ದು ಸಿಟ್ಟಲ್ಲ. ಭಾರ ಇಳಿಸಿದ ಹಮಾಲನ ಮುಖದ ಹಾಗೆ ಅದು ಸಡಿಲಾಯಿತು.

“ಇಲ್ಲ ಅಂದಂಗಾತು,” ಅಂದು ತಿರುಗಿದರು.

“ಐತ್ರಿ!” ಆಯಿ ಹಿತ್ತಲ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು. “ಎಬ್ಬಸ್ರೆ ಇಬ್ಬರೂ. ತೋರಸ್ರಿ.”

ಅವ್ವ ನನ್ನ ಮುಖ ನೋಡಿದಳು. ಬಕೆಟ್ಟು ಸರಿಸಿ ಇಬ್ಬರೂ ಕಲ್ಲಿನ ಅಂಚಿಗೆ ಕೈ ಹಾಕಿ ಎತ್ತಿದೆವು. ಕೆಳಗಿನ ರಾಡಿಯಿಂದ ಅದು ಸಪ್ಪಳ ಮಾಡಿ ಬಿಟ್ಟುಕೊಂಡಿತು. ನಾನು ಒಂದು ತಂಬಿಗೆ ನೀರು ಸುರಿದೆ. ಕೆಸರು, ಸಾಬೂನಿನ ನೊರೆ ಎಲ್ಲ ಇಳಿದು ಹೋದ ಮೇಲೆ ಕೆಂಪು ಕಲ್ಲು ಕನ್ನಡಿಯ ಹಾಗೆ ಹೊಳೆಯಿತು. ಅಪ್ಪನ ಅಕ್ಷರಗಳು ಒಂದೂ ಮುಕ್ಕಾಗಿರಲಿಲ್ಲ.

ಸಾವಕಾರರು ತಮ್ಮ ಹೆಸರನ್ನು ಬಹಳ ಹೊತ್ತು ಓದಿದರು. ಆಮೇಲೆ ಬಗ್ಗಿ, ಬೆರಳ ಗಂಟಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟರು.

“ಸೀಳಿಲ್ಲ,” ಅಂದರು. ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತರು. ಅವರು ನಮ್ಮ ಮನೆಯಲ್ಲಿ ಕೂತದ್ದು ಅದೊಂದೇ ಸಲ. “ಖರೆ ಹೇಳ್ತೇನವ್ವಾ. ಇವತ್ತ ನಾ ಕೊಡಾಕ ಬಂದಿದ್ದಿಲ್ಲ. ಬಿಡಿಸಿಕೊಂಡು ಹೋಗಾಕ ಬಂದಿದ್ದೆ. ಇಷ್ಟ ವರ್ಷ ಇಟ್ಟಿರಲಿಕ್ಕಿಲ್ಲ, ಒಡದಿರ್ತಾರ ಇಲ್ಲಾ ಮಾರಿರ್ತಾರ, ಕಲ್ಲು ಇಲ್ಲಂದರ ಮಾತೂ ಇಲ್ಲ ಅಂತ ಲೆಕ್ಕ ಹಾಕಿದ್ದೆ.”

“ಮತ್ತ ಈಗ್ರಿ?” ಅವ್ವ ಕೇಳಿದಳು. ಅವರಿಗೆ ನೇರವಾಗಿ ಅವಳು ಆಡಿದ ಮೊದಲ ಮಾತು ಅದು.

“ಈಗೇನು. ಹೆಸರು ಐತಲ್ಲ, ಕಟ್ಟಬೇಕು.” ಜೇಬಿನಿಂದ ಒಂದು ದಾರದ ಉಂಡೆ ತೆಗೆದು, ನೋಡಿ, ಮತ್ತೆ ಒಳಗಿಟ್ಟರು. “ನಂದು ಹುಟ್ಟಾ ಮುಷ್ಟಿ ಕೈ. ನಮ್ಮಪ್ಪಂದೂ ಹಂಗ. ಆಂವ ಸಾಯೂತನಕ ಕೊಡ್ತೇನಿ ಕೊಡ್ತೇನಿ ಅಂದ, ಒಬ್ಬರಿಗೂ ಕೊಡಲಿಲ್ಲ. ಹುಂಡಿ ಮುಂದ ನಿಂತರ ನನ್ನ ಕೈ ತಾನ ಹಿಂದಕ್ಕ ಬರತೈತಿ, ನೋಡಾವರು ಯಾರು ಅದಾರ ಅಲ್ಲಿ? ಬಾಯಿ ಮಾತು ಬಿಸಲಿಗೆ ಆರಿ ಹೋಗತೈತಿ. ಕಲ್ಲಿನ ಮ್ಯಾಲ ಬರಸಿದರ ಊರ ಕಣ್ಣು ನನ್ನ ಕಾಯ್ತೈತಿ. ಮಂದಿ ನಗ್ತಾರ, ನಗಲಿ. ನಕ್ಕರ ಕೆಲಸ ಆಗತೈತಿ.”

ಆಯಿ ಅಂದಳು, “ಕಿವಿ ಹರದ ಮರಿ.” ಅವರಿಗೆ ಅದು ತಿಳಿಯಲಿಲ್ಲ, ತಿಳಿದವರ ಹಾಗೆ ತಲೆಯಾಡಿಸಿದರು.

ಅವ್ವ ಒಳಗೆ ಹೋಗಿ ಚಹಾ ಮಾಡಿ ತಂದಳು. ಅವರು ಬಶಿಗೆ ಸುರಿದುಕೊಂಡು ಅರ್ಧ ಕುಡಿದು, ಉಳಿದರ್ಧ ಯಾರಿಗೆ ಕೊಡಬೇಕೆಂದು ಒಮ್ಮೆ ನೋಡಿ, ನಂತರ ಅದನ್ನೂ ಕುಡಿದರು. ಹೊರಡುವಾಗ ಅವ್ವನಿಗೆ ಹೇಳಿದರು, “ಒಗೀರವ್ವಾ, ಒಗೀರಿ. ಹೆಸರಿನ ಮಾರಿ ಕೆಳಗ ಇರಲಿ. ಸಾಬೂನು ಬಡದರ ಪಾಲಿಶ್ ಹೋಗತೈತಿ.”

ಬಾಗಿಲ ತನಕ ನಾನು ಹೋದೆ. ಧನ್ಯವಾದ ಹೇಳಬೇಕೆಂದಿದ್ದೆ. ಬದಲಿಗೆ ಬಾಯಿಂದ ಬಂದದ್ದು, “ಅಪ್ಪನ ಎದಿ ಕೆಟ್ಟಿದ್ದು ನಿಮ್ಮ ಧೂಳಿಗೆ ರೀ.”

ಅವರು ನಿಂತರು. ತಲೆ ಓರೆಯಾಯಿತು. “ಗೊತ್ತೈತಿ,” ಅಂದರು. “ಆ ಧೂಳಿಗೆ ಕಲ್ಲಿಲ್ಲ.” ಚಪ್ಪಲಿ ಮೆಟ್ಟಿ ಓಣಿಯ ಮೂಲೆಯ ಕಡೆಗೆ ನಡೆದರು.

ಈ ಮಾತನ್ನು ನಾನು ಇವತ್ತಿಗೂ ತಿರುವಿ ತಿರುವಿ ನೋಡುತ್ತೇನೆ. ಹುನಗುಂದದ ಒಂದು ಸಾಲೆಯಲ್ಲಿ ಈಗ ನಾನು ವಿಜ್ಞಾನ ಕಲಿಸುತ್ತೇನೆ. ಹೋದ ತಿಂಗಳು ಅಲ್ಲಿ ಚರ್ಚಾಸ್ಪರ್ಧೆ ಇತ್ತು. ಸಿರಿವಂತರು ದಾನ ಮಾಡುವುದು ಮನಸ್ಸು ದೊಡ್ಡದಾಗಿದ್ದಕ್ಕೋ, ತಮ್ಮ ಲಾಭಕ್ಕೋ ಎಂಬುದು ವಿಷಯ. ಪರವಾಗಿ ಮಾತಾಡಿದ ಹುಡುಗಿಗೂ ಚಪ್ಪಾಳೆ ಬಿತ್ತು, ವಿರೋಧವಾಗಿ ಮಾತಾಡಿದವಳಿಗೂ ಬಿತ್ತು. ತೀರ್ಪು ಕೊಡಲು ನನ್ನನ್ನು ಕೂರಿಸಿದ್ದರು. ಅಪ್ಪನ ಕೆಮ್ಮೂ ಸಾವಕಾರರ ಕಾರ್ಖಾನೆಯದೇ, ನನ್ನ ಫೀಸೂ ಅವರ ಕಾರ್ಖಾನೆಯದೇ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಯಾರು ಚೆನ್ನಾಗಿ ಮಾತಾಡಿದರು ಎಂಬುದಕ್ಕಷ್ಟೇ ಅಂಕ ಕೊಟ್ಟು ಎದ್ದು ಬಂದೆ.

ನಾನು ಕೊನೆಯ ಪರೀಕ್ಷೆ ಬರೆದ ಬೇಸಿಗೆಯಲ್ಲೇ ಸಾವಕಾರರು ತೀರಿಕೊಂಡರು. ಕಾರ್ಖಾನೆಯ ಅಂಗಳದಲ್ಲಿ ಒಂದು ಕಲ್ಲು ತಟ್ಟುತ್ತ ನಿಂತವರು ಹಾಗೆಯೇ ಅದಕ್ಕೆ ಒರಗಿದರಂತೆ. ಗೇಟಿನಿಂದ ಓಡಿ ಹೋಗಿ ಹಿಡಿದವನು ಅಪ್ಪ. ಮಣ್ಣಿಗೆ ಊರೇ ಬಂದಿತ್ತು. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕೈದು ಮಂದಿ ಕೂತು, ಆ ಮನುಷ್ಯ ಮಾಡಿದ್ದೆಲ್ಲ ಬರೀ ಹೆಸರಿಗಾಗಿ ಎಂದು ಮಾತಾಡುತ್ತಿದ್ದರು. ಕೂತದ್ದು ಸಾವಕಾರರದೇ ಬೆಂಚಿನ ಮೇಲೆ. ಅಪ್ಪ ಒಂದು ಗಳಿಗೆ ಅಲ್ಲಿ ನಿಂತ. ಏನೋ ಹೇಳುತ್ತಾನೆಂದುಕೊಂಡೆ. ಕೆಮ್ಮು ಬಂತು, ಅವರು ಸರಿದು ಜಾಗ ಕೊಟ್ಟರು. ಅಪ್ಪ ಕೂತು ದಣಿವಾರಿಸಿಕೊಂಡ.

ಮಕ್ಕಳು ಕಾರ್ಖಾನೆ ನಡೆಸುತ್ತಿದ್ದಾರೆ. ಅವರಿಗೆ ನಮ್ಮ ಮನೆಯ ಕಲ್ಲಿನ ವಿಷಯ ಗೊತ್ತಿಲ್ಲ. ಅದನ್ನು ಕೇಳಿಕೊಂಡು ಓಣಿಯ ಮೂಲೆಯಿಂದ ನಡೆದು ಬರುವವರು ಇನ್ನು ಯಾರೂ ಇರಲಿಲ್ಲ.

ಬಾಗಲಕೋಟೆಯ ಕಾಲೇಜಿನ ವೇದಿಕೆಯ ಮೇಲೆ ನನ್ನ ಹೆಸರು ಕೂಗಿದಾಗ ನನ್ನ ಕಡೆಯಿಂದ ಚಪ್ಪಾಳೆ ಹೊಡೆಯುವವರು ಇರಲಿಲ್ಲ. ಅಪ್ಪನಿಗೆ ಅಷ್ಟು ದೂರದ ಬಸ್ಸು ಆಗುತ್ತಿರಲಿಲ್ಲ, ಹಾಸಿಗೆ ಹಿಡಿದಿದ್ದ ಆಯಿಯನ್ನು ಬಿಟ್ಟು ಅವ್ವ ಬರುವಂತಿರಲಿಲ್ಲ. ಕಾಗದವನ್ನು ಎದೆಗವಚಿಕೊಂಡು, ಸೀಟು ಸಿಗದೆ, ಅರ್ಧ ದಾರಿ ನಿಂತೇ ಇಳಕಲ್ಲಿಗೆ ಬಂದೆ. ಅವ್ವ ಹಿತ್ತಲಲ್ಲಿದ್ದಳು. ಒಗೆಯುವುದನ್ನು ನಿಲ್ಲಿಸಿ ಎದ್ದು, ಕೈಯನ್ನು ಸೆರಗಿಗೆ ಒರೆಸಿದಳು, ಒಣಗಿಲ್ಲವೆನಿಸಿ ಮತ್ತೊಮ್ಮೆ ಒರೆಸಿದಳು. ನಾನು ಸರ್ಟಿಫಿಕೇಟನ್ನು ಅವಳ ಎರಡೂ ಕೈಗಳ ಮೇಲೆ ಇಟ್ಟೆ.

ಎಷ್ಟೋ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟು ಕೇಳಿದಳು, “ಇದು ಯಾರ ಹೆಸರು?”

“ನಂದುಬೇ.”

“ಇದು?”

“ಅಪ್ಪಂದು.”

“ಆ ಸಾವಕಾರ್ರದು ಎಲ್ಲೈತಿ?”

“ಅವರದಿಲ್ಲ. ಇದರಾಗ ಬರಿಯೂದಿಲ್ಲ.”

ಅವ್ವ ಮತ್ತೊಮ್ಮೆ ಕಾಗದದ ಮೇಲಿಂದ ಕೆಳಗಿನ ತನಕ ನೋಡಿದಳು, ನಾನು ಹೇಳಿದ್ದನ್ನು ತಾನೇ ಪರೀಕ್ಷಿಸುವವಳ ಹಾಗೆ. ನಂತರ ಪಡಸಾಲೆಯ ಕಡೆ ತಿರುಗಿ ಅಪ್ಪನನ್ನು ಕೂಗಿದಳು.

“ಏನ್ರೀ, ಬರ್ರಿ ಇಲ್ಲಿ. ಕಲ್ಲು ಎಬ್ಬಸೂಣು, ಬಾಗಲ ಪಕ್ಕಕ್ಕ ಹಚ್ಚಬೇಕು.” ಒಗೆಯದೆ ಉಳಿದ ಅರಬಿಗಳನ್ನು ಬಕೆಟ್ಟಿಗೆ ತುಂಬುತ್ತ ನನಗೆ ಹೇಳಿದಳು, “ಮತ್ತ ನೀ, ನಾಳಿಗೆ ಅರಬಿ ಒಗಿಯಾಕ ಬ್ಯಾರೆ ಕಲ್ಲು ನೋಡು.”